ಸೆಕೆಂಡ್ ಹ್ಯಾಂಡ್ ಕಾರಿನ ವಾರಂಟಿ: ಯಾವ ಕಾರಿಗೆ, ಯಾವ ಕಾಗದಕ್ಕೆ ದುಡ್ಡು ಕೊಡಬೇಕು?

ಪ್ರಶ್ನೆ: ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ ಎರಡು ಕಾರು ನೋಡಿ ಬಂದಿದ್ದೇನೆ. ಒಂದು 2018ರ ಸ್ವಿಫ್ಟ್, ಪೆಟ್ರೋಲ್, ಮ್ಯಾನುಯಲ್ ಗೇರು, 58,000 ಕಿ.ಮೀ. ಓಡಿದೆ, 5.20 ಲಕ್ಷ ಹೇಳುತ್ತಿದ್ದಾರೆ. ಇನ್ನೊಂದು ಅದೇ ವರ್ಷದ ಪೋಲೊ ಜಿಟಿ ಟಿಎಸ್‌ಐ, ಆಟೊಮ್ಯಾಟಿಕ್, 64,000 ಕಿ.ಮೀ., 6.75 ಲಕ್ಷ. ಎರಡಕ್ಕೂ ‘ಒಂದು ವರ್ಷ ಅಥವಾ 15,000 ಕಿ.ಮೀ.’ ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಸಿಕೊಳ್ಳಿ ಅನ್ನುತ್ತಾರೆ. ಸ್ವಿಫ್ಟ್‌ಗೆ 12,000, ಪೋಲೊಗೆ 28,000, ಜಿಎಸ್‌ಟಿ ಬೇರೆ. ಸ್ವಿಫ್ಟ್‌ದಾದರೆ ಸಾಲದಲ್ಲೇ ಸೇರಿಸಿಬಿಡುತ್ತೇವೆ, ತಿಂಗಳಿಗೆ ನಾನೂರು ರೂಪಾಯಿ ಕೂಡ ಆಗಲ್ಲ ಎನ್ನುತ್ತಾರೆ. ನಾನಿರುವುದು ಹುಬ್ಬಳ್ಳಿ. ಕೆಲಸದ ಮೇಲೆ ತಿಂಗಳಿಗೆ ಸುಮಾರು 1,800 ಕಿ.ಮೀ. ಓಡಿಸುತ್ತೇನೆ. ತೆಗೆದುಕೊಳ್ಳಲೋ ಬೇಡವೋ?

ಉತ್ತರ: ಸ್ವಿಫ್ಟ್‌ಗೆ ಬೇಡ. ಆ ದುಡ್ಡಿನಲ್ಲಿ ಎರಡೂವರೆ ಸಾವಿರ ಖರ್ಚು ಮಾಡಿ, ಡೀಲರ್‌ಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಂದ ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ ನೋಡಿಸಿ, ಉಳಿದದ್ದನ್ನು ಬ್ಯಾಂಕಿನಲ್ಲಿಡಿ. ಪೋಲೊ ಲೆಕ್ಕ ಬೇರೆ. ಅದರ ಗೇರ್‌ಬಾಕ್ಸ್‌ನ ಒಂದೇ ಒಂದು ಭಾಗ ಕೈಕೊಟ್ಟರೆ ಬಿಲ್ಲು ಲಕ್ಷ ದಾಟುತ್ತದೆ. ಆ ಭಾಗದ ಹೆಸರು ವಾರಂಟಿ ಕಾಗದದಲ್ಲಿ ಅಚ್ಚಾಗಿದ್ದರೆ ದುಡ್ಡು ಕೊಡಬಹುದು. ಅಚ್ಚಾಗಿಲ್ಲದಿದ್ದರೆ ಆ ಕಾರಿನ ಆಸೆಯನ್ನೇ ಬಿಡುವುದು ಲೇಸು.

ಮೊದಲು ಬೆಲೆ ನೋಡೋಣ, ಏಕೆಂದರೆ ನಿಮಗೆ ಹೇಳಿರುವ ಬೆಲೆ ನೀವು ಕೊಡುವ ಬೆಲೆಯಲ್ಲ. ಶೇ 18 ಜಿಎಸ್‌ಟಿ ಸೇರಿದರೆ 12,000 ಎಂಬುದು 14,160 ಆಗುತ್ತದೆ, 28,000 ಎಂಬುದು 33,040. ‘ಒಂದು ವರ್ಷ ಅಥವಾ 15,000 ಕಿ.ಮೀ.’ ಅಂದರೆ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಸರಿ. ತಿಂಗಳಿಗೆ 1,800 ಓಡಿಸುವವರಿಗೆ 15,000 ಎಂಟು ತಿಂಗಳು ಹತ್ತು ದಿನಕ್ಕೆ ಮುಗಿಯುತ್ತದೆ. ಇಂಥ ಎಷ್ಟೋ ವಾರಂಟಿಗಳಲ್ಲಿ ಮೊದಲ 30 ದಿನ, ಇಲ್ಲವೇ ಮೊದಲ 1,000 ಕಿ.ಮೀ., ಕ್ಲೇಮು ಸಲ್ಲದು ಎಂಬ ಸಾಲೊಂದು ಇರುತ್ತದೆ. ನಿಮ್ಮ ಕಾಗದದಲ್ಲೂ ‘ವೇಟಿಂಗ್ ಪೀರಿಯಡ್’ 30 ದಿನ ಎಂದಿದ್ದರೆ ಕೈಗೆ ಸಿಗುವುದು ಏಳು ತಿಂಗಳ ಮೇಲೆ ಹತ್ತು ದಿನದ ರಕ್ಷಣೆ. ಸ್ವಿಫ್ಟ್‌ಗೇ ಅದು ತಿಂಗಳಿಗೆ ಸಾವಿರದ ಒಂಬೈನೂರು ರೂಪಾಯಿಗೂ ಮೇಲೆ ಬಿತ್ತು. ಒಂದು ವರ್ಷದ ಮಾತು ನಿಮ್ಮಷ್ಟು ಗಾಡಿ ಓಡಿಸುವವರಿಗೆ ಅನ್ವಯಿಸುವುದೇ ಇಲ್ಲ.

ಸಾಲದಲ್ಲಿ ಸೇರಿಸುವುದು ಇನ್ನೂ ದುಬಾರಿ. ಹಳೇ ಕಾರಿನ ಸಾಲ ಶೇ 14ರ ಬಡ್ಡಿಗೆ, ನಾಲ್ಕು ವರ್ಷಕ್ಕೆ ಸಿಕ್ಕಿತು ಎಂದಿಟ್ಟುಕೊಳ್ಳಿ. 14,160ಕ್ಕೆ ತಿಂಗಳ ಕಂತು 387 ರೂಪಾಯಿ. ‘ನಾನೂರು ಕೂಡ ಆಗಲ್ಲ’ ಎಂಬ ಮಾತು ಸುಳ್ಳಲ್ಲ. ಆದರೆ 48 ಕಂತು ಮುಗಿಯುವ ಹೊತ್ತಿಗೆ ಕಟ್ಟಿರುವುದು ಸುಮಾರು 18,570. ವಾರಂಟಿ ಒಂಬತ್ತನೇ ತಿಂಗಳಿಗೆ ಸತ್ತಿರುತ್ತದೆ, ಅದರ ಕಂತು ಇನ್ನೂ ಮೂರು ವರ್ಷ ಮೂರು ತಿಂಗಳು ಬದುಕಿರುತ್ತದೆ. ಪೋಲೊಗೆ ವಾರಂಟಿ ತೆಗೆದುಕೊಳ್ಳುವುದೇ ಆದರೂ ಕೈಯಿಂದ ಕೊಟ್ಟು ಬೇರೆ ರಸೀದಿ ಪಡೆಯಿರಿ.

ಸ್ವಿಫ್ಟ್‌ನಲ್ಲಿ ಏನು ಕೆಡುತ್ತದೆ

2018ರ ಸ್ವಿಫ್ಟ್ ಪೆಟ್ರೋಲ್‌ನಲ್ಲಿರುವುದು 1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್. ಟರ್ಬೊ ಇಲ್ಲ, ಟೈಮಿಂಗ್ ಬೆಲ್ಟ್ ಬದಲು ಚೈನ್ ಇದೆ, ಐದು ಗೇರಿನ ಸಾದಾ ಗೇರ್‌ಬಾಕ್ಸ್. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಗಿದ್ದರೆ 58,000 ಕಿ.ಮೀ. ಎಂಬುದು ಈ ಎಂಜಿನ್‌ಗೆ ನಡುವಯಸ್ಸೂ ಅಲ್ಲ. ಇಂಥ ಗಾಡಿ 60,000ದಿಂದ 80,000ದ ನಡುವೆ ಕೇಳುವುದು ಬೇರೆ ಪಟ್ಟಿ: ಕ್ಲಚ್ ಪ್ಲೇಟು, ಲೋವರ್ ಆರ್ಮ್ ಬುಷ್, ಸ್ಟೆಬಿಲೈಸರ್ ಲಿಂಕ್, ಮುಂದಿನ ಶಾಕ್ ಅಬ್ಸಾರ್ಬರ್, ಬ್ರೇಕ್ ಪ್ಯಾಡು, ಬ್ಯಾಟರಿ, ಟೈರು, ಎಂಜಿನ್ ಮೌಂಟಿಂಗು. ಈಗ ವಾರಂಟಿ ಕಾಗದದ ‘ಒಳಗೊಳ್ಳದ ಭಾಗಗಳು’ ಪಟ್ಟಿ ತೆಗೆದು ನೋಡಿ. ಹೆಚ್ಚೂಕಡಿಮೆ ಇವೇ ಹೆಸರುಗಳು ಅಲ್ಲಿರುತ್ತವೆ. ಸವೆಯುವ ಭಾಗಗಳೆಲ್ಲ ಹೊರಗೆ. ಸವೆಯದೆ ಏಕಾಏಕಿ ಕೆಟ್ಟ ಭಾಗಗಳು ಮಾತ್ರ ಒಳಗೆ. ಈ ಕಾರಿನಲ್ಲಿ ಖರ್ಚೆಲ್ಲ ಸವೆಯುವುದರದ್ದೇ.

ಒಳಗೆ ಉಳಿಯುವ, ಕೆಡುವ ಸಾಧ್ಯತೆಯೂ ಇರುವ ಭಾಗಗಳು ಬೆರಳೆಣಿಕೆ: ಎ.ಸಿ. ಕಂಪ್ರೆಸರ್, ಆಲ್ಟರ್ನೇಟರ್, ಸ್ಟಾರ್ಟರ್ ಮೋಟರ್, ಪವರ್ ಸ್ಟೀರಿಂಗ್ ಮೋಟರ್, ಎಂಜಿನ್ ಕಂಪ್ಯೂಟರ್. ಈ ಅಳತೆಯ ಕಾರಿಗೆ ಕಂಪ್ರೆಸರ್ ಹೊಸದು ಹಾಕಿ ಗ್ಯಾಸ್ ತುಂಬಿಸಲು ಅಂದಾಜು 15ರಿಂದ 22 ಸಾವಿರ, ಆಲ್ಟರ್ನೇಟರ್‌ಗೆ 8ರಿಂದ 12 ಸಾವಿರ. ಎಂಟು ತಿಂಗಳಲ್ಲಿ ಇವುಗಳಲ್ಲಿ ಒಂದು ಹೋಯಿತು ಎಂದೇ ಇಟ್ಟುಕೊಂಡರೂ ವಾರಂಟಿಯಿಂದ ಉಳಿಯುವುದು ಅಷ್ಟಕ್ಕಷ್ಟೆ. ಒಂದೂ ಹೋಗದಿದ್ದರೆ, ಚೆನ್ನಾಗಿ ಪರೀಕ್ಷೆ ಮಾಡಿ ಕೊಂಡ ಗಾಡಿಯಲ್ಲಿ ಅದೇ ಹೆಚ್ಚು ಸಂಭವ, 14,160 ಪೂರ್ತಿ ಹೋಯಿತು. ಅದೇ ಹಣ ನಿಮ್ಮ ಖಾತೆಯಲ್ಲಿದ್ದರೆ ಕ್ಲಚ್ಚಿಗೂ ಆಗುತ್ತದೆ, ಟೈರಿಗೂ ಆಗುತ್ತದೆ. ಯಾರ ಅಪ್ಪಣೆಯೂ ಬೇಡ.

ಕಾರು ಇನ್ನೂ ಹೊಸದಾಗಿದ್ದಿದ್ದರೆ ಉತ್ತರ ಬದಲಾಗುತ್ತಿತ್ತು. ಮಾರುತಿ 2024ರ ಜುಲೈಯಿಂದ ಹೊಸ ಕಾರುಗಳಿಗೆ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಮೂಲ ವಾರಂಟಿ ಕೊಡುತ್ತಿದೆ, ಅದನ್ನು 6 ವರ್ಷ ಅಥವಾ 1.6 ಲಕ್ಷ ಕಿ.ಮೀ.ವರೆಗೆ ಬೆಳೆಸಿಕೊಳ್ಳಬಹುದು. ಕಂಪನಿಯದೇ ವಾರಂಟಿ ಬಾಕಿಯಿರುವ ಎರಡು-ಮೂರು ವರ್ಷದ ಗಾಡಿ ಸಿಕ್ಕಿದರೆ ಅದು ಆರ್‌ಸಿ ಜೊತೆ ನಿಮ್ಮ ಹೆಸರಿಗೆ ಬರುತ್ತದೆ, ರಾಜ್ಯದ ಯಾವ ಅಧಿಕೃತ ವರ್ಕ್‌ಶಾಪ್‌ನಲ್ಲೂ ನಡೆಯುತ್ತದೆ. ಅಂಥದಕ್ಕೆ ಎರಡನೇ ವಾರಂಟಿ ಕೊಳ್ಳುವುದು ಕೊಡೆಯ ಮೇಲೆ ಕೊಡೆ ಹಿಡಿದ ಹಾಗೆ. 2018ರ ಗಾಡಿಗೆ ಆ ಬಾಗಿಲು ಮುಚ್ಚಿ ವರ್ಷಗಳಾದವು. ಅದೇ ಸ್ವಿಫ್ಟ್ ಮಾರುತಿಯದೇ ಹಳೇ ಕಾರಿನ ಟ್ರೂ ವ್ಯಾಲ್ಯೂ ಅಂಗಡಿಯಲ್ಲಿ ಪ್ರಮಾಣೀಕೃತ ಕಾರಾಗಿ ಸಿಕ್ಕಿದರೆ ಒಂದು ವರ್ಷದವರೆಗಿನ ವಾರಂಟಿ, ಮೂರು ಉಚಿತ ಸರ್ವಿಸ್ ಬೆಲೆಯಲ್ಲೇ ಸೇರಿರುತ್ತವೆ. ಹತ್ತಿಪ್ಪತ್ತು ಸಾವಿರ ಹೆಚ್ಚಾದರೂ ಒಮ್ಮೆ ಹೋಲಿಸಿ ನೋಡಿ.

ಪೋಲೊದ ಗೇರ್‌ಬಾಕ್ಸ್

ಪೋಲೊ ಜಿಟಿ ಟಿಎಸ್‌ಐನಲ್ಲಿ ಆ ವರ್ಷ ಬರುತ್ತಿದ್ದದ್ದು ಏಳು ಗೇರಿನ ಡಿಎಸ್‌ಜಿ, ವರ್ಕ್‌ಶಾಪ್ ಭಾಷೆಯಲ್ಲಿ ಡಿಕ್ಯೂ200. ಒಳಗೆ ಎರಡು ಕ್ಲಚ್. ಬೆಸ ಸಂಖ್ಯೆಯ ಗೇರುಗಳಿಗೆ ಒಂದು, ಸಮ ಸಂಖ್ಯೆಯವಕ್ಕೆ ಇನ್ನೊಂದು. ಒಂದು ಹಿಡಿದಿರುವಾಗಲೇ ಮುಂದಿನ ಗೇರು ಸಿದ್ಧವಾಗಿರುವುದರಿಂದ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗೇರು ಬದಲಾಗುತ್ತದೆ. ಓಡಿಸಲು ಇದಕ್ಕಿಂತ ಸೊಗಸಾದ ಗೇರ್‌ಬಾಕ್ಸ್ ಈ ಬೆಲೆಯಲ್ಲಿ ಸಿಗುವುದು ಕಷ್ಟ, ಅದನ್ನು ಒಪ್ಪಲೇಬೇಕು.

ತೊಂದರೆ ಎರಡು ಕಡೆ. ಈ ಎರಡೂ ಕ್ಲಚ್ಚು ಒಣ ಕ್ಲಚ್ಚು, ಆಯಿಲ್‌ನಲ್ಲಿ ಮುಳುಗಿರುವುದಿಲ್ಲ. ಸಿಲ್ಕ್ ಬೋರ್ಡ್‌ನಂಥ ಕಡೆ ಇಂಚಿಂಚಾಗಿ ತೆವಳುವಾಗ ಪ್ಲೇಟುಗಳು ಅರ್ಧ ಹಿಡಿದು ಅರ್ಧ ಜಾರುತ್ತ ಕಾಯುತ್ತವೆ. ಬೆಂಗಳೂರಿನಲ್ಲೇ ಬೆಳೆದ ಗಾಡಿಯಾದ್ದರಿಂದ ಇದು ಮುಖ್ಯ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ, ಅಥವಾ ರಿವರ್ಸ್‌ನಲ್ಲಿ ಇಳಿಜಾರು ಹತ್ತಿಸುವಾಗ ಗಾಡಿ ನಡುಗಿದರೆ ಕ್ಲಚ್ಚು ದಣಿದಿದೆ ಎಂದರ್ಥ. ಎರಡನೆಯದು ಮೆಕಾಟ್ರಾನಿಕ್ಸ್ ಎನ್ನುವ ಘಟಕ. ಗೇರು, ಕ್ಲಚ್ಚುಗಳನ್ನು ಆಡಿಸುವ ಕಂಪ್ಯೂಟರ್, ಕವಾಟಗಳು, ಪುಟ್ಟ ಪಂಪು, ಒತ್ತಡ ಹಿಡಿದಿಡುವ ಅಕ್ಯುಮ್ಯುಲೇಟರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿವೆ. ಅಲ್ಲಿನ ಆಯಿಲ್ ಒತ್ತಡ ಸುಮಾರು 40ರಿಂದ 60 ಬಾರ್, ನಿಮ್ಮ ಟೈರಿನ ಗಾಳಿಗಿಂತ ಇಪ್ಪತ್ತು ಪಟ್ಟು. ಅಕ್ಯುಮ್ಯುಲೇಟರ್ ಕೂರುವ ಜಾಗದಲ್ಲಿ ಅಲ್ಯೂಮಿನಿಯಂ ಸೀಳು ಬಿಟ್ಟರೆ ಒತ್ತಡ ಇಳಿದುಹೋಗುತ್ತದೆ. ಮೀಟರಿನಲ್ಲಿ ಗೇರಿನ ಅಂಕಿ ಮಿನುಗತೊಡಗುತ್ತದೆ, ಸಮ ಗೇರುಗಳೋ ಬೆಸ ಗೇರುಗಳೋ ಮಾಯವಾಗುತ್ತವೆ, ಕೆಲವೊಮ್ಮೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಮುಂಚೆ ಒಂದು ಸದ್ದೂ ಮಾಡದೆ ಇದು ಆಗಬಹುದು. ಅಧಿಕೃತ ವರ್ಕ್‌ಶಾಪ್‌ನಲ್ಲಿ ಘಟಕವನ್ನೇ ಬದಲಿಸುತ್ತಾರೆ, ಬಿಲ್ಲು ಲಕ್ಷ ದಾಟುತ್ತದೆ. ಇದನ್ನೇ ಬಿಚ್ಚಿ ರಿಪೇರಿ ಮಾಡುವ ಪರಿಣತ ಗ್ಯಾರೇಜುಗಳು ಬೆಂಗಳೂರಿನಲ್ಲಿವೆ, ಅಲ್ಲಿ ಅದರ ಅರ್ಧದೊಳಗೆ ಮುಗಿಯಬಹುದು. ಆದರೆ ಹುಬ್ಬಳ್ಳಿಯಿಂದ ಗಾಡಿಯನ್ನು ಟೋ ಮಾಡಿಸಿಕೊಂಡು ನಾನೂರು ಕಿಲೋಮೀಟರ್ ಹೋಗಬೇಕು.

ಸಣ್ಣ ಮೊತ್ತ ಕೊಟ್ಟು ದೊಡ್ಡ ಹೊಡೆತ ತಪ್ಪಿಸಿಕೊಳ್ಳುವುದೇ ವಾರಂಟಿಯ ಉದ್ದೇಶವಾದರೆ, ಅದಕ್ಕೆ ತಕ್ಕ ಕಾರು ಇದು. ಕಾಗದ ಮಾತ್ರ ತಕ್ಕದ್ದಾಗಿರಬೇಕು. ‘ಎಂಜಿನ್ ಮತ್ತು ಗೇರ್‌ಬಾಕ್ಸ್ ವಾರಂಟಿ’ ಎಂದು ಮುಖಪುಟದಲ್ಲಿ ದಪ್ಪಕ್ಷರದಲ್ಲಿದ್ದರೆ ಸಾಲದು. ಎಷ್ಟೋ ಕಾಗದಗಳಲ್ಲಿ ಗೇರ್‌ಬಾಕ್ಸ್ ಎಂದರೆ ‘ಆಯಿಲ್‌ನಲ್ಲಿರುವ ಒಳಗಿನ ಚಲಿಸುವ ಭಾಗಗಳು’ ಎಂದಷ್ಟೇ ಅರ್ಥ ಬರೆದಿರುತ್ತದೆ. ಹಲ್ಲಿನ ಗಾಲಿಗಳು, ಶಾಫ್ಟು, ಬೇರಿಂಗು. ಮೆಕಾಟ್ರಾನಿಕ್ಸ್ ಅದರಲ್ಲಿ ಬರುವುದಿಲ್ಲ, ಅದು ‘ಎಲೆಕ್ಟ್ರಾನಿಕ್ಸ್’ ಎಂದು ಹೊರಗುಳಿಯುತ್ತದೆ. ಕ್ಲಚ್ ಪ್ಯಾಕ್ ‘ಸವೆಯುವ ಭಾಗ’ ಎಂದು ಹೊರಗುಳಿಯುತ್ತದೆ. ಹಾಗಾದರೆ ಈ ಕಾರಿನಲ್ಲಿ ಕೆಡದೇ ಇರುವುದಕ್ಕೆಲ್ಲ ವಾರಂಟಿ ಸಿಕ್ಕಿತು!

ಆದ್ದರಿಂದ ಪೋಲೊ ಮಾರುವವರಿಗೆ ಇಮೇಲ್‌ನಲ್ಲಿ ಮೂರು ಪ್ರಶ್ನೆ ಕಳಿಸಿ. ಮೆಕಾಟ್ರಾನಿಕ್ಸ್ ಘಟಕ ಒಳಗೊಂಡಿದೆಯೇ? ಡ್ಯುಯಲ್ ಕ್ಲಚ್ ಪ್ಯಾಕ್ ಒಳಗೊಂಡಿದೆಯೇ, ಒಳಗೊಂಡಿದ್ದರೆ ಎಷ್ಟು ಕಿ.ಮೀ.ವರೆಗೆ? ಒಂದು ಕ್ಲೇಮಿಗೆ ಗರಿಷ್ಠ ಎಷ್ಟು ಕೊಡುತ್ತಾರೆ? ಮೊದಲನೆಯದಕ್ಕೆ ಹೌದು ಎಂದೂ, ಮೂರನೆಯದಕ್ಕೆ ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲದ ಅಂಕಿಯೂ ಬರೆದು ಬಂದರೆ 33,040 ಕೊಡುವುದರಲ್ಲಿ ಅರ್ಥವಿದೆ. ಟರ್ಬೊಚಾರ್ಜರ್ ಸೇರಿದ್ದರೆ ಇನ್ನೂ ಒಳ್ಳೆಯದು. ಫೋನಿನಲ್ಲಿ ‘ಎಲ್ಲಾ ಬರುತ್ತೆ ಸರ್’ ಎಂದವರು ಬರೆದುಕೊಡಲು ಹಿಂದೇಟು ಹಾಕಿದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ. ಡೀಲರ್‌ಗೆ ಇದರಲ್ಲಿ ಕಮಿಷನ್ ಇರುವುದು ಸಾಮಾನ್ಯ, ಹಾಗಾಗಿ ಕಾರಿನ ಬೆಲೆಯಂತೆ ವಾರಂಟಿ ಬೆಲೆಯೂ ಚೌಕಾಸಿಗೆ ಬಗ್ಗುತ್ತದೆ.

ಕಾಗದ ಓದುವ ಬಗೆ

ವಾರಂಟಿ ಕಾಗದ ಎರಡು ಜಾತಿ. ‘ಈ ಕೆಳಗಿನ ಭಾಗಗಳಿಗೆ ಮಾತ್ರ’ ಎಂದು ಪಟ್ಟಿ ಕೊಡುವುದು ಒಂದು; ‘ಈ ಕೆಳಗಿನವನ್ನು ಬಿಟ್ಟು ಉಳಿದೆಲ್ಲ’ ಎನ್ನುವುದು ಇನ್ನೊಂದು. ಎರಡನೆಯದು ಯಾವಾಗಲೂ ಮೇಲು. ಮೊದಲನೆಯದರಲ್ಲಿ ಹೆಸರಿಲ್ಲದ ಪ್ರತಿ ಭಾಗವೂ ನಿಮ್ಮ ಖರ್ಚು. ಕರಪತ್ರ ಓದಿ ಪ್ರಯೋಜನವಿಲ್ಲ. ಪೂರ್ತಿ ಷರತ್ತುಗಳ ಪಿಡಿಎಫ್ ಕೇಳಿ, ದುಡ್ಡು ಕೊಟ್ಟ ಮೇಲೆ ಬರುತ್ತದೆ ಎಂದರೆ ಒಪ್ಪಬೇಡಿ. ಷರತ್ತುಗಳು ಇಂಗ್ಲಿಷಿನಲ್ಲೇ ಇರುತ್ತವೆ, ಆದ್ದರಿಂದ ಹುಡುಕಬೇಕಾದ ಪದಗಳನ್ನೂ ಹಾಗೇ ಹೇಳುತ್ತೇನೆ.

‘ಪ್ರೀ-ಎಕ್ಸಿಸ್ಟಿಂಗ್’ ಎಂದರೆ ಕೊಳ್ಳುವ ಮೊದಲೇ ಇದ್ದ ದೋಷ. ಹಳೇ ಕಾರಿನಲ್ಲಿ ಮೂರನೇ ತಿಂಗಳಿಗೆ ಕೆಟ್ಟದ್ದೆಲ್ಲ ಮೊದಲೇ ಇದ್ದ ದೋಷ ಎನ್ನಲು ಯಾರಿಗೂ ಕಷ್ಟವಿಲ್ಲ. ಇದಕ್ಕೆ ಮದ್ದು, ಮಾರುವ ದಿನದ ಪರೀಕ್ಷಾ ವರದಿ. ಡೀಲರ್ 150 ಅಂಶ, 200 ಅಂಶ ಪರೀಕ್ಷಿಸಿದ್ದೇವೆ ಎನ್ನುತ್ತಾರಲ್ಲ, ಆ ಹಾಳೆಯಲ್ಲಿ ಸೀಲು, ಸಹಿ, ಕಿ.ಮೀ. ಅಂಕಿ ಹಾಕಿಸಿ ಪ್ರತಿ ಇಟ್ಟುಕೊಳ್ಳಿ. ‘ಗೇರ್‌ಬಾಕ್ಸ್: ಸರಿ ಇದೆ’ ಎಂದು ಅವರೇ ಬರೆದದ್ದು ನಾಳೆ ನಿಮ್ಮ ಸಾಕ್ಷಿ.

‘ಕಾನ್ಸಿಕ್ವೆನ್ಶಿಯಲ್ ಡ್ಯಾಮೇಜ್’ ಇನ್ನೂ ಬಿಗಿಯಾದ ಕುಣಿಕೆ. ಕೆಲವು ನೂರು ರೂಪಾಯಿಯ ರೇಡಿಯೇಟರ್ ಹೋಸು ಒಡೆಯಿತು, ಕೂಲಂಟ್ ಸುರಿದುಹೋಯಿತು, ನೋಡುವಷ್ಟರಲ್ಲಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಯಿತು. ಹೋಸು ರಬ್ಬರ್ ಭಾಗ, ಪಟ್ಟಿಯಿಂದ ಹೊರಗೆ. ಗ್ಯಾಸ್ಕೆಟ್ ಪಟ್ಟಿಯೊಳಗೇ ಇದ್ದರೂ ಹೊರಗಿನ ಭಾಗದಿಂದ ಆದ ಹಾನಿ ಎಂದು ಕ್ಲೇಮು ತಿರಸ್ಕಾರವಾಗುತ್ತದೆ. ಜೊತೆಗೆ ‘ಬಿಸಿಯ ದೀಪ ಹತ್ತಿದ ಮೇಲೂ ಓಡಿಸಿದ್ದೀರಿ’ ಎಂಬ ಇನ್ನೊಂದು ಕಾರಣ. ಎಂಜಿನ್ ಕಂಪ್ಯೂಟರಿನಲ್ಲಿ ಯಾವ ಕಿ.ಮೀ.ಗೆ, ಎಷ್ಟು ಬಿಸಿಯಲ್ಲಿ ದೋಷ ದಾಖಲಾಯಿತು ಎಂಬುದು ಎಷ್ಟೋ ಕಾರುಗಳಲ್ಲಿ ಉಳಿಯುತ್ತದೆ, ವಾದಿಸಿ ಗೆಲ್ಲುವುದು ಕಷ್ಟ.

‘ಬೆಟರ್‌ಮೆಂಟ್’ ಅಥವಾ ‘ಡಿಪ್ರಿಸಿಯೇಶನ್’ ಎಂದಿದ್ದರೆ ಹೊಸ ಭಾಗದ ಪೂರ್ತಿ ಬೆಲೆ ಅವರು ಕೊಡುವುದಿಲ್ಲ. ಉದಾಹರಣೆಗೆ 60,000 ಕಿ.ಮೀ. ದಾಟಿದ ಗಾಡಿಗೆ ಶೇ 60 ಮಾತ್ರ ಎಂದು ಬರೆದಿದ್ದರೆ 20,000ದ ಭಾಗಕ್ಕೆ 8,000 ನಿಮ್ಮದು. ಕೂಲಿ ದರಕ್ಕೆ ಮಿತಿ ಇದ್ದರೆ ಅದರ ಮೇಲಿನದೂ ನಿಮ್ಮದೇ. ಬಿಚ್ಚಿ ನೋಡುವ ಕೂಲಿ ಯಾರದ್ದು ಎಂಬುದನ್ನಂತೂ ಕೇಳಲೇಬೇಕು. ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದ ಮೇಲೆ ‘ಇದು ಸವೆತ, ಬರುವುದಿಲ್ಲ’ ಎಂದರೆ ಇಳಿಸಿದ್ದಕ್ಕೂ ಜೋಡಿಸಿದ್ದಕ್ಕೂ ನೀವೇ ದುಡ್ಡು ತೆರಬೇಕಾಗುತ್ತದೆ.

ನಿಮಗೆ ವಿಶೇಷವಾಗಿ ಅನ್ವಯಿಸುವ ಷರತ್ತುಗಳು ಎರಡು. ಒಂದು, ರಿಪೇರಿ ಎಲ್ಲಿ. ಒಪ್ಪಿಗೆ ಪಡೆದ ಗ್ಯಾರೇಜುಗಳ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡದ ಹೆಸರಿದೆಯೇ, ಪೋಲೊ ಮುಟ್ಟುವ ಗ್ಯಾರೇಜೇ ಅದು ಎಂದು ನೀವೇ ಫೋನು ಮಾಡಿ ಕೇಳಿ. ಬೆಂಗಳೂರಿಗೇ ತರಬೇಕು ಎಂದರೆ ಟೋಯಿಂಗ್ ಎಷ್ಟು ಕಿ.ಮೀ.ವರೆಗೆ ಉಚಿತ ಎಂದು ನೋಡಿ, 50 ಕಿ.ಮೀ. ಎಂದಿದ್ದರೆ ಅದು ನಿಮ್ಮನ್ನು ಶಿಗ್ಗಾವಿಯಾಚೆ ಬಿಟ್ಟು ಬರುತ್ತದೆ, ಅಷ್ಟೆ. ಎರಡು, ‘ಕಮರ್ಷಿಯಲ್ ಯೂಸ್’. ಕೆಲಸದ ಮೇಲೆ ಓಡಿಸುತ್ತೇನೆ ಎಂದಿದ್ದೀರಿ. ಬಿಳಿ ಬೋರ್ಡಿನ ಸ್ವಂತ ಗಾಡಿಯಲ್ಲಿ ನೀವೇ ಗ್ರಾಹಕರನ್ನು ಕಾಣಲು ಹೋಗುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೆ ಸರಕು ತುಂಬಿಸುವ, ಬಾಡಿಗೆಗೆ ಬಿಡುವ ಅಭ್ಯಾಸವಿದ್ದರೆ ವಾರಂಟಿಯನ್ನು ಮರೆತುಬಿಡಿ.

ಇನ್ನು ಹೊರಗಿನವರು ಹಾಕಿದ ಸಿಎನ್‌ಜಿ ಕಿಟ್, ವೈರು ಕತ್ತರಿಸಿ ಜೋಡಿಸಿದ ಮ್ಯೂಸಿಕ್ ಸಿಸ್ಟಮ್, ಎಂಜಿನ್ ಕಂಪ್ಯೂಟರ್ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಅದರ ತಂತ್ರಾಂಶ ಬದಲಿಸುವುದು), ಇವುಗಳಲ್ಲಿ ಯಾವುದಿದ್ದರೂ ತಿರಸ್ಕಾರಕ್ಕೆ ಕಾರಣ ಸಿದ್ಧ. ಪೋಲೊ ಜಿಟಿ ಕೊಂಡವರಲ್ಲಿ ರೀಮ್ಯಾಪ್ ಹವ್ಯಾಸ ಕಡಿಮೆಯೇನಲ್ಲ, ಹಿಂದಿನ ಮಾಲೀಕರನ್ನು ಕೇಳಿಸಿ. ಇಂಧನದ ಬಗ್ಗೆಯೂ ಒಂದು ಮಾತು. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಶೇ 20 ಎಥನಾಲ್ ಬೆರೆತ ಪೆಟ್ರೋಲ್, ನಿಮ್ಮ ಎರಡೂ ಆಯ್ಕೆಗಳು 2023ಕ್ಕಿಂತ ಹಿಂದಿನವು, ಆ ಪೆಟ್ರೋಲಿಗೆಂದು ಮಾಡಿದವಲ್ಲ. ಇಂಧನ ಪಂಪು, ಇಂಜೆಕ್ಟರು, ರಬ್ಬರ್ ಪೈಪುಗಳ ಕ್ಲೇಮನ್ನು ಈ ಕಾರಣಕ್ಕೆ ತಿರಸ್ಕರಿಸುವುದಿಲ್ಲ ಎಂದು ಅದೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಕೊನೆಗೆ, ವಾರಂಟಿ ಕೊಡುತ್ತಿರುವುದು ಯಾರು? ಡೀಲರೇ ಕೊಡುವುದಾದರೆ ಅಂಗಡಿ ಇರುವವರೆಗೆ ವಾರಂಟಿ. ಬೇರೆ ಕಂಪನಿ ಕೊಟ್ಟು ಡೀಲರ್ ಮಾರುವುದಾದರೆ ಆ ಕಂಪನಿಯ ಹೆಸರು, ನೋಂದಾಯಿತ ವಿಳಾಸ, ಜಿಎಸ್‌ಟಿ ಸಂಖ್ಯೆ ರಸೀದಿಯಲ್ಲೇ ಇರಬೇಕು. ಹಿಂದೆ ವಿಮಾ ಕಂಪನಿಯ ಬೆಂಬಲವಿದೆ ಎಂದರೆ ಯಾವುದು ಎಂದು ಕೇಳಿ.

ವಾರಂಟಿ ಬದಲು ಪರೀಕ್ಷೆ

ಊರಿಗೆ ಊರೇ ಮಲಗಿರುವ ಹೊತ್ತಿಗೆ ಹೋಗಬೇಕಿಲ್ಲ, ಆದರೆ ಎಂಜಿನ್ ತಣ್ಣಗಿರುವಾಗ ಹೋಗಬೇಕು. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿನ ಸ್ಟಾರ್ಟ್‌ನಲ್ಲಿ ಬರುವ ನೀಲಿ ಹೊಗೆ, ಚೈನಿನ ಕಟಕಟ ಸದ್ದು ಬಿಸಿಯಾದ ಮೇಲೆ ಅಡಗಿಹೋಗುತ್ತವೆ. ಕೂಲಂಟ್ ಡಬ್ಬಿಯಲ್ಲಿ ಎಣ್ಣೆಯ ಪದರ, ಆಯಿಲ್ ಮುಚ್ಚಳದಡಿ ಕೆನೆಯಂಥ ಕೆಸರು ಇರಕೂಡದು. ಎಂಜಿನ್ ನಿಲ್ಲಿಸಿದಾಗ ಬ್ಯಾಟರಿ 12.4ರಿಂದ 12.7 ವೋಲ್ಟ್, ಚಾಲೂ ಇದ್ದಾಗ 13.8ರಿಂದ 14.5 ತೋರಿಸಿದರೆ ಆಲ್ಟರ್ನೇಟರ್ ಬಗ್ಗೆ ಚಿಂತೆಯಿಲ್ಲ.

ಸ್ಕ್ಯಾನರ್ ಹಚ್ಚದೆ ವ್ಯವಹಾರ ಮುಗಿಸಬೇಡಿ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ದೋಷ ಸಂಕೇತ ಒಂದೂ ಇಲ್ಲ ಎಂದು ತೋರಿದ ತಕ್ಷಣ ನಂಬಬೇಡಿ, ಕಾರು ತನ್ನನ್ನು ತಾನೇ ಪರೀಕ್ಷಿಸಿ ಮುಗಿಸಿದೆಯೇ ಎಂದು ತೋರಿಸುವ ‘ರೆಡಿನೆಸ್’ ಪುಟ ತೆಗೆಸಿ. ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಮುಂತಾದವುಗಳ ಮುಂದೆ ‘ಇನ್‌ಕಂಪ್ಲೀಟ್’ ಎಂದಿದ್ದರೆ ಒಂದೋ ಬ್ಯಾಟರಿ ಈಚೆಗೆ ಬಿಚ್ಚಿದ್ದಾರೆ, ಇಲ್ಲವೇ ಸಂಕೇತಗಳನ್ನು ಈಚೆಗಷ್ಟೇ ಅಳಿಸಿದ್ದಾರೆ. ಕೆಲವು ದಿನ ಓಡಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸುವುದೇ ಅದಕ್ಕೆ ದಾರಿ. ಪೋಲೊಗೆ ಸಾದಾ ಸ್ಕ್ಯಾನರ್ ಸಾಲದು. ಆ ಕಂಪನಿಯ ಗಾಡಿಗಳಿಗೆಂದೇ ಇರುವ ಉಪಕರಣ ಗೇರ್‌ಬಾಕ್ಸ್ ಕಂಪ್ಯೂಟರನ್ನು ಓದಿದರೆ ಕ್ಲಚ್ ಸವೆತ ಎಷ್ಟು ಉಳಿದಿದೆ, ಅದು ಮಿತಿ ಮೀರಿ ಎಷ್ಟು ಹೊತ್ತು ಕಾದಿದೆ ಎಂಬ ದಾಖಲೆ ಸಿಗುತ್ತದೆ. ಇಡೀ ವ್ಯವಹಾರದಲ್ಲಿ ನಿಮ್ಮ ಕೈಗೆ ಸಿಗುವ ಅತಿ ಬೆಲೆಬಾಳುವ ಹಾಳೆ ಅದು. ಆ ಅಂಕಿಗಳು ಚೆನ್ನಾಗಿದ್ದರೆ ವಾರಂಟಿಯ ಅಗತ್ಯ ಅಷ್ಟು ಕಡಿಮೆಯಾಯಿತು.

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ನೀರಿನಲ್ಲಿ ಮುಳುಗಿದ ಗಾಡಿಯ ಕಾರ್ಪೆಟ್ ತೊಳೆಸುತ್ತಾರೆ, ಬೆಲ್ಟಿನ ಒಳತುದಿಯ ಮಣ್ಣಿನ ಗೆರೆಯನ್ನು ಮರೆಯುತ್ತಾರೆ. ಸೀಟಿನ ಹಳಿಗಳ ತುಕ್ಕು ಅದೇ ಕತೆ ಹೇಳುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆ 2022ರ ಸೆಪ್ಟೆಂಬರಿನಲ್ಲಿ ಹೇಗೆ ಮುಳುಗಿತ್ತು ಎಂಬುದು ನೆನಪಿರಲಿ. ನೀರು ಹೊಕ್ಕ ಹಾನಿ ಯಾವ ವಾರಂಟಿಯಲ್ಲೂ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಅದಕ್ಕಿರುವುದು ವಿಮೆಯ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ. ಸಾದಾ ವಿಮೆ ಯಾಂತ್ರಿಕ ದೋಷಕ್ಕೆ ಕೊಡುವುದಿಲ್ಲ; ವಾರಂಟಿ ಅಪಘಾತಕ್ಕೂ ನೀರಿಗೂ ಕೊಡುವುದಿಲ್ಲ. ಇಲಿ ಕಡಿದ ವೈರಿಂಗ್ ಯಾರ ಪಾಲು ಎಂಬುದು ವಿಮೆಯ ಕಾಗದವನ್ನೇ ಕೇಳಬೇಕಾದ ಪ್ರಶ್ನೆ, ವಾರಂಟಿಯವರಂತೂ ಕೈ ಎತ್ತುತ್ತಾರೆ.

ಕಿ.ಮೀ. ಅಂಕಿಯನ್ನು ಅಧಿಕೃತ ವರ್ಕ್‌ಶಾಪಿನ ಸರ್ವಿಸ್ ದಾಖಲೆಯೊಂದಿಗೆ ತಾಳೆ ನೋಡಿ. 2021ರಲ್ಲೇ 70,000 ತೋರಿಸಿದ ಗಾಡಿ ಇಂದು 58,000ಕ್ಕೆ ಇಳಿದಿದ್ದರೆ ಮುಂದಿನ ಮಾತೇ ಬೇಡ.

ತೆಗೆದುಕೊಂಡರೆ ಮುಂದೇನು

ಪೋಲೊ ಮತ್ತು ವಾರಂಟಿ ಎರಡನ್ನೂ ತೆಗೆದುಕೊಂಡಿರಿ ಎನ್ನೋಣ. ಆರ್‌ಸಿ ನಿಮ್ಮ ಹೆಸರಿಗೆ ಆಗದಿದ್ದರೆ ಕ್ಲೇಮು ಅಲ್ಲೇ ನಿಲ್ಲುತ್ತದೆ, ಆದ್ದರಿಂದ ವರ್ಗಾವಣೆಯ ಜವಾಬ್ದಾರಿ ಡೀಲರ್‌ದೆಂದೂ ಇಂಥ ದಿನದೊಳಗೆಂದೂ ಬರೆಸಿಕೊಳ್ಳಿ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು, ಮೋಟಾರು ವಾಹನ ಕಾಯ್ದೆಯ 157ನೇ ಕಲಮು ಹೇಳುವುದು ಅದನ್ನೇ.

ಕ್ಲೇಮುಗಳು ಬಿದ್ದುಹೋಗಲು ಸರ್ವಿಸ್ ತಪ್ಪಿಸುವುದಕ್ಕಿಂತ ಸುಲಭದ ಕಾರಣ ಬೇರೆ ಇಲ್ಲ. ಕಾಗದದಲ್ಲಿ 10,000 ಕಿ.ಮೀ.ಗೊಮ್ಮೆ ಎಂದಿದ್ದರೆ ನಿಮ್ಮ ಓಟಕ್ಕೆ ಅದು ಐದೂವರೆ ತಿಂಗಳಿಗೊಮ್ಮೆ. ಎಷ್ಟು ಕಿ.ಮೀ. ತಡವಾದರೆ ನಡೆಯುತ್ತದೆ ಎಂದು ನೋಡಿಟ್ಟುಕೊಳ್ಳಿ. ಬಿಲ್ಲಿನಲ್ಲಿ ಗಾಡಿಯ ನಂಬರು, ಆ ದಿನದ ಕಿ.ಮೀ., ಆಯಿಲ್‌ನ ಗ್ರೇಡು, ಗ್ಯಾರೇಜಿನ ಜಿಎಸ್‌ಟಿ ಸಂಖ್ಯೆ ಇರಲಿ. ಪರಿಚಯದ ಮೆಕ್ಯಾನಿಕ್ ಬಿಳಿ ಚೀಟಿಯಲ್ಲಿ ಬರೆದುಕೊಟ್ಟದ್ದು ಇಲ್ಲಿ ನಡೆಯದು.

ಕೆಟ್ಟ ದಿನ ಗಾಡಿಯನ್ನು ಬದಿಗೆ ಹಾಕಿ ಎಂಜಿನ್ ಆರಿಸಿ. ಮೀಟರಿನ ದೀಪಗಳ ಫೋಟೊ ತೆಗೆಯಿರಿ, ಕಿ.ಮೀ. ಕಾಣುವಂತೆ. ವಾರಂಟಿಯವರಿಗೆ ಫೋನು ಮಾಡಿ ಕ್ಲೇಮು ಸಂಖ್ಯೆ ಪಡೆಯಿರಿ. ಅವರ ಲಿಖಿತ ಒಪ್ಪಿಗೆ ಬರುವವರೆಗೆ ಗ್ಯಾರೇಜಿನವರು ಒಂದು ಬೋಲ್ಟನ್ನೂ ಬಿಚ್ಚಕೂಡದು. ‘ನೀವು ಮೊದಲು ಮಾಡಿಸಿ, ಆಮೇಲೆ ನೋಡೋಣ’ ಎಂಬ ಬಾಯಿಮಾತಿಗೆ ಕಿಮ್ಮತ್ತಿಲ್ಲ. ತೆಗೆದ ಹಳೇ ಭಾಗವನ್ನು ಕ್ಲೇಮು ಮುಗಿಯುವ ತನಕ ಗುಜರಿಗೆ ಹಾಕಲು ಬಿಡಬೇಡಿ. ತಿರಸ್ಕರಿಸಿದರೆ ಯಾವ ಷರತ್ತಿನ ಸಂಖ್ಯೆಯಡಿ ಎಂದು ಬರೆದುಕೊಡಲು ಕೇಳಿ.

ಕಾರಣ ಸರಿಯೆನಿಸದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಡೀಲರ್ ಬೆಂಗಳೂರಿನವರಾದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಧಾರವಾಡ ಜಿಲ್ಲೆಯಲ್ಲೇ ದೂರು ಹೂಡಬಹುದು, ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು. ನೀವು ತೆತ್ತ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ವಕೀಲರು ಕಡ್ಡಾಯವಲ್ಲ. ಕ್ಲೇಮು ತಿರಸ್ಕಾರವಾದ ದಿನದಿಂದ ಎರಡು ವರ್ಷದೊಳಗೆ ಹೂಡಬೇಕು, ಜೊತೆಗೆ ಲಗತ್ತಿಸಬೇಕಾದದ್ದು ಆ ಮೂರು ಪ್ರಶ್ನೆಗಳ ಇಮೇಲು, ಸೀಲು ಹಾಕಿಸಿದ ಪರೀಕ್ಷಾ ವರದಿ, ಸರ್ವಿಸ್ ಬಿಲ್ಲುಗಳು ಮತ್ತು ತಿರಸ್ಕಾರದ ಪತ್ರ.